ಮಾತ್ರೆಯ ಬೆನ್ನಿಗೆ ನಡೆದವರು



ಆಗಸ್ಟ್ 3 ಬಂತೆಂದರೆ ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪರಿಮಳ. ಅವತ್ತು ಕಕ್ಕಡ ಹದಿನೆಂಟು. ಸೊಪ್ಪು ಕುದಿಸಿದ ನೀರು ಕಡು ನೇರಳೆಗೆ ತಿರುಗುತ್ತದೆ, ಆ ನೀರಿನಲ್ಲೇ ಪಾಯಸ ಮಾಡಿ ಉಣ್ಣುತ್ತೇವೆ. ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಹೊರಗಿನಿಂದ ಬಂದ ನೆಂಟರು ಗಾಬರಿಯಾಗುತ್ತಾರೆ. ಮನೆಯ ಹಿರಿಯರು ಮಾತ್ರ ಮದ್ದು ಮೈಗೆ ಹತ್ತಿತು ಎಂದು ಸಮಾಧಾನಪಡುತ್ತಾರೆ.

ನಾನು ಆರೋಗ್ಯ ಇಲಾಖೆಯಲ್ಲಿ ಕಿರಿಯ ಆರೋಗ್ಯ ಸಹಾಯಕನಾಗಿ ಸೇರಿ, ಕ್ಷಯರೋಗದ ಕೆಲಸದಲ್ಲೇ ಹೆಚ್ಚು ಕಾಲ ಕಳೆದು ನಿವೃತ್ತನಾದವನು. ಡಾಟ್ಸ್ ಚಿಕಿತ್ಸೆ ನಮ್ಮ ಕಡೆಗೆ ಬಂದ ಹೊಸತು. ಒಂದು ಕಾಫಿ ತೋಟದ ಲೈನ್ ಮನೆಯಲ್ಲಿದ್ದ ಹೆಂಗಸೊಬ್ಬರ ಕಫದಲ್ಲಿ ಕ್ಷಯದ ರೋಗಾಣು ಸಿಕ್ಕಿತ್ತು. ಅವರ ಹೆಸರು ಬರೆದ ಕೆಂಪು ಡಬ್ಬಿಯಿಂದ ಮೊದಲ ಮಾತ್ರೆಗಳನ್ನು ನಾನೇ ನುಂಗಿಸಿದೆ. ಮೂರನೇ ಸಲಕ್ಕೆ ಅವರು ಬರಲಿಲ್ಲ. ಹುಡುಕಿಕೊಂಡು ಹೋದೆ. ಬಾಗಿಲ ಸಂದಿಯಲ್ಲೇ ನಿಂತು, "ಅಣ್ಣ, ಆ ಮಾತ್ರೆ ಬೇಡ. ಒಳಗೆಲ್ಲ ರಕ್ತ ಆಗಿ ಹೋಗ್ತಾ ಇದೆ" ಅಂದರು. ಮೂತ್ರ ಕೆಂಪಾದದ್ದು ರಕ್ತದಿಂದಲ್ಲ, ರಿಫಾಂಪಿಸಿನ್ ಎಂಬ ಔಷಧಿಯ ಬಣ್ಣದಿಂದ. ಮಾತ್ರೆ ಕೊಡುವ ಮೊದಲೇ ಹೇಳಬೇಕಾದ ಮಾತು, ಹೇಳಬೇಕಾದವನು ನಾನು. ತರಬೇತಿಯ ಎರಡನೇ ದಿನ ನನ್ನನ್ನು ಪೋಲಿಯೋ ಹನಿಯ ಕೆಲಸಕ್ಕೆ ಕರೆದಿದ್ದರು. ಆ ವಿಷಯ ಹೇಳಿಕೊಟ್ಟದ್ದು ಅದೇ ದಿನ. ಅವರನ್ನು ಒಪ್ಪಿಸಿ ಮತ್ತೆ ಮಾತ್ರೆ ಶುರು ಮಾಡಿಸಲು ಹದಿನೈದು ದಿನ ಹಿಡಿಯಿತು.

ಮುಂದೊಂದು ತರಬೇತಿಯಲ್ಲಿ ಪಾಠ ಹೇಳಲು ಬಂದವರು ನಮ್ಮನ್ನೇ ಕೇಳಿದರು: "ನಿಮ್ಮೂರಲ್ಲಿ ತಿಂದರೆ ಮೂತ್ರ ಕೆಂಪಾಗುವ ಪದಾರ್ಥ ಏನಾದರೂ ಇದೆಯಾ?" ಇಡೀ ಕೋಣೆ ಒಂದೇ ಬಾಯಲ್ಲಿ ಮದ್ದು ಸೊಪ್ಪು ಎಂದಿತು. ಆಮೇಲೆ ಯಾರಿಗೆ ಮಾತ್ರೆ ಶುರು ಮಾಡಿದರೂ ನಾನು ಕಕ್ಕಡ ಹದಿನೆಂಟರ ಪಾಯಸದಿಂದಲೇ ಮಾತು ಆರಂಭಿಸುತ್ತಿದ್ದೆ. ಆ ಕಾರಣಕ್ಕೆ ಮಾತ್ರೆ ಬಿಟ್ಟವರು ನನಗೆ ಮತ್ತೆ ಸಿಗಲಿಲ್ಲ.

ಇಂದು ನಾನು ಹೇಳಹೊರಟಿರುವುದು ರೋಗಿಯ ಬೆನ್ನಿಗೆ ನಿಂತು ಚಿಕಿತ್ಸೆ ಮುಗಿಯುವತನಕ ಜೊತೆ ಬಿಡದವರ ಕಥೆ, ಅವರು ಕಲಿತ ಮತ್ತು ಕಲಿಯದೇ ಉಳಿದ ಪಾಠಗಳ ಕಥೆ. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಇವರನ್ನು ಕೇಸ್ ಮ್ಯಾನೇಜರ್ ಎನ್ನುತ್ತಾರೆ. ನಮ್ಮ ಕಡೆ ಅವರಿಗೆ ಕಾಲಕಾಲಕ್ಕೆ ಬೇರೆ ಬೇರೆ ಹೆಸರು.

ಔಷಧಿಯೇ ಇಲ್ಲದ ಕಾಲದಲ್ಲಿ ಕ್ಷಯಕ್ಕೆ ಇದ್ದದ್ದು ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿದ ಪಿಕೆಟಿಬಿ ಸ್ಯಾನಟೋರಿಯಂ ಇದೆಯಲ್ಲ, ನೂರು ವರ್ಷ ದಾಟಿದ ಸಂಸ್ಥೆ ಅದು. ರೋಗಿ ತಿಂಗಳುಗಟ್ಟಲೆ ಅಂಥ ಕಡೆ ಮಲಗಿರುತ್ತಿದ್ದ. ಎದುರಿಗೇ ಇರುವವನನ್ನು ಹುಡುಕಿಕೊಂಡು ಹೋಗುವ ಅಗತ್ಯ ಯಾರಿಗೂ ಇರಲಿಲ್ಲ. ಮನೆಗೆ ಹೋದ ಮೇಲೆ ಅವನ ಗತಿ ಏನಾಯಿತು ಎಂದು ವಿಚಾರಿಸುವವರೂ ಹೆಚ್ಚಿರಲಿಲ್ಲ.

ಅದನ್ನು ಬದಲಿಸಿದ್ದು ಮದರಾಸು. 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸೆಯ ಸಂಶೋಧನಾ ಕೇಂದ್ರ ಶುರುವಾಯಿತು. ಡಾ. ವ್ಯಾಲೇಸ್ ಫಾಕ್ಸ್ ಮತ್ತು ಅವರ ಸಂಗಡಿಗರು ನಗರದ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿಟ್ಟು, ಕೆಲವರನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲೇ ಬಿಟ್ಟು, ಎಲ್ಲರಿಗೂ ಒಂದೇ ಬಗೆಯ ಮಾತ್ರೆ ಕೊಟ್ಟರು. 1959ರಲ್ಲಿ ಫಲಿತಾಂಶ ಹೊರಬಿತ್ತು. ಮನೆಯಲ್ಲೇ ಉಳಿದವರೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಇದು ಲೋಕಕ್ಕೆಲ್ಲ ದೊಡ್ಡ ಸುದ್ದಿ. ಆದರೆ ಅದರ ಬೆನ್ನಿಗೇ ಒಂದು ಹೊಣೆಯೂ ಬಂತು. ಹಾಸಿಗೆ ಬೇಡ ಅಂದಮೇಲೆ ಮನೆಗೆ ಹೋಗುವವರು ಬೇಕಲ್ಲ! ನಮ್ಮ ಕೆಲಸ ನಿಜವಾಗಿ ಹುಟ್ಟಿದ್ದು ಅಲ್ಲಿ ಎಂದು ನಾನು ನಂಬಿದ್ದೇನೆ.

ಆಸ್ಪತ್ರೆಯ ಆಚೆಗೂ ರೋಗಿಯ ಬದುಕನ್ನು ನೋಡಬೇಕೆಂಬ ವಿಚಾರ ಅದಕ್ಕೂ ಹಳೆಯದು. ಅಮೆರಿಕದ ಬಾಸ್ಟನ್‌ನಲ್ಲಿ ಡಾ. ರಿಚರ್ಡ್ ಕ್ಯಾಬಟ್ 1905ರಲ್ಲೇ ಆಸ್ಪತ್ರೆಯೊಳಗೆ ಸಮಾಜ ಕಾರ್ಯಕರ್ತೆಯನ್ನು ತಂದರು. ನಮ್ಮಲ್ಲಿ 1946ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಗೆ ಮೊದಲ ವೈದ್ಯಕೀಯ ಸಮಾಜ ಕಾರ್ಯಕರ್ತರು ಬಂದರು. ಆದರೆ ಅದು ನಗರದ ಮಾತು. ಹಳ್ಳಿಗೆ ಆ ವಿಚಾರ ನಡೆದು ಬಂದ ದಾರಿ ಬೆಂಗಳೂರಿನದು.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದರು. ಎರಡು ವರ್ಷದಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡಿತು. ಜಿಲ್ಲೆಗೊಂದು ಕ್ಷಯರೋಗ ಕೇಂದ್ರ, ಕೇಂದ್ರಕ್ಕೊಂದು ತಂಡ. ವೈದ್ಯರು, ಪ್ರಯೋಗಾಲಯದವರು, ಎಕ್ಸ್‌ರೇಯವರು, ಬಿಸಿಜಿ ಲಸಿಕೆ ತಂಡದ ಮುಖಂಡರು, ಅಂಕಿಅಂಶದವರು. ಇವರ ಜೊತೆಗೆ ಟ್ರೀಟ್‌ಮೆಂಟ್ ಆರ್ಗನೈಸರ್ ಎಂಬ ಹೊಸ ಹುದ್ದೆ. ಈತನ ಆಸ್ತಿ ಎಂದರೆ ಕಾರ್ಡು. ಒಬ್ಬ ರೋಗಿಗೆ ಒಂದು ಕಾರ್ಡು, ಮಾತ್ರೆ ಒಯ್ಯಲು ಬರಬೇಕಾದ ದಿನದ ಪ್ರಕಾರ ಜೋಡಿಸಿಟ್ಟದ್ದು. ದಿನ ಮುಗಿದರೂ ಕಾರ್ಡು ಡಬ್ಬಿಯಲ್ಲೇ ಉಳಿಯಿತೆಂದರೆ ರೋಗಿ ಬಂದಿಲ್ಲ ಎಂದರ್ಥ. ಮೊದಲು ಒಂದು ಕಾಗದ ಹಾಕುವುದು, ಅದಕ್ಕೂ ಬಾರದಿದ್ದರೆ ಮನೆಗೆ ಹೋಗುವುದು.

ಬೆಂಗಳೂರಿನ ಆ ಸಂಸ್ಥೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಕ್ರಮವಿತ್ತು. ಒಂದು ಜಿಲ್ಲೆಯ ತಂಡವನ್ನೆಲ್ಲ ಒಟ್ಟಿಗೆ ಕರೆಸಿ ಕಲಿಸುತ್ತಿದ್ದರು. ವೈದ್ಯರಿಗೊಂದು ಪಾಠ, ಕಾರ್ಡು ಬರೆಯುವವನಿಗೆ ಇನ್ನೊಂದು ಎಂದು ದೂರ ದೂರ ಕೂರಿಸಿ ಮುಗಿಸಲಿಲ್ಲ. ಕಾರ್ಡಿನವನು ಏಕೆ ಅಷ್ಟು ಒದ್ದಾಡುತ್ತಾನೆ ಎಂಬುದು ವೈದ್ಯರಿಗೂ ತಿಳಿಯಬೇಕು, ಕಫದಲ್ಲಿ ಏನು ಕಂಡಿತು ಎಂಬುದು ಕಾರ್ಡಿನವನಿಗೂ ತಿಳಿಯಬೇಕು. ಒಟ್ಟಿಗೆ ಕಲಿತ ತಂಡ ಒಟ್ಟಿಗೆ ಜಿಲ್ಲೆಗೆ ಹೋಗುತ್ತಿತ್ತು.

ಅದೇ ಸಂಸ್ಥೆಯಿಂದ 1963ರಲ್ಲಿ ಬಂದ ಒಂದು ಅಧ್ಯಯನವನ್ನು ಈ ಕೆಲಸದ ಪ್ರತಿಯೊಬ್ಬರೂ ತಿಳಿದಿರಬೇಕು. ಡಾ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಮಾತಾಡಿಸಿದರು. ಹಳ್ಳಿಯವರಿಗೆ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದೇ ಆಗ ಎಲ್ಲರೂ ಹೇಳುತ್ತಿದ್ದ ಕಾಲ. ಸಿಕ್ಕ ಸತ್ಯ ಬೇರೆ. ಬಹುತೇಕ ಎಲ್ಲರಿಗೂ ಮೈಯಲ್ಲಿ ಏನೋ ಕೆಟ್ಟಿದೆ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಜನ ಔಷಧಿ ಹುಡುಕಿಕೊಂಡು ಹೋಗಿಯೂ ಇದ್ದರು. ಅಂಥವರ ಕೈಗೆ ಸಿಕ್ಕದ್ದು ಸಾಮಾನ್ಯವಾಗಿ ಒಂದು ಬಾಟಲಿ ಕೆಮ್ಮಿನ ಔಷಧಿ! ಬಂದವನನ್ನು ಗುರುತಿಸುವ ಕಣ್ಣು ಕೌಂಟರಿನ ಒಳಬದಿಯಲ್ಲಿ ಇರಲಿಲ್ಲ. ತರಬೇತಿ ಯಾರಿಗೆ ಬೇಕು ಎಂಬ ಪ್ರಶ್ನೆಗೆ ನಮ್ಮ ರಾಜ್ಯದ ಮಣ್ಣಿನಿಂದಲೇ ಬಂದ ಉತ್ತರ ಅದು. ಅರವತ್ತು ವರ್ಷ ದಾಟಿದರೂ ಓದಿದಾಗ ಮನಸ್ಸಿಗೆ ನಾಟುತ್ತದೆ.

1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಬಂತು. ಮಲೇರಿಯಾಕ್ಕೊಬ್ಬ, ಸಿಡುಬಿಗೊಬ್ಬ ಎಂದು ಇದ್ದ ಕಾರ್ಯಕರ್ತರನ್ನೆಲ್ಲ ವಿವಿಧೋದ್ದೇಶ ಕಾರ್ಯಕರ್ತರನ್ನಾಗಿ ಮಾಡಲು ಹೇಳಿತು. ಒಂದೇ ಮನೆಗೆ ನಾಲ್ಕು ಜನ ನಾಲ್ಕು ಪುಸ್ತಕ ಹಿಡಿದು ಹೋಗುವುದು ತಪ್ಪಲಿ ಎಂಬ ಸದುದ್ದೇಶ. ನನ್ನ ಹುದ್ದೆಯೂ ಆ ಬಳ್ಳಿಯಲ್ಲೇ ಬಿಟ್ಟ ಕಾಯಿ. ಆದರೆ ಕೆಲಸದ ಪಟ್ಟಿ ಬೆಳೆದ ವೇಗದಲ್ಲಿ ಕಲಿಕೆ ಬೆಳೆಯಲಿಲ್ಲ. ಕ್ಷಯ ಎಂಬುದು ಉದ್ದನೆಯ ವರದಿಯಲ್ಲಿ ಒಂದು ಸಾಲಾಯಿತು. ಆಗಿನ ಚಿಕಿತ್ಸೆಯಾದರೂ ಎಷ್ಟು ದೀರ್ಘ! ಹನ್ನೆರಡು, ಹದಿನೆಂಟು ತಿಂಗಳು. ಎರಡು ತಿಂಗಳಿಗೆ ಕೆಮ್ಮು ನಿಂತವನನ್ನು ಇನ್ನೊಂದು ವರ್ಷ ಮಾತ್ರೆಗೆ ಕಟ್ಟಿಹಾಕುವ ಮಾತುಗಾರಿಕೆಯನ್ನು ನಮಗೆ ಯಾರೂ ಕಲಿಸಿರಲಿಲ್ಲ.

1997ರಲ್ಲಿ ಪರಿಷ್ಕೃತ ಕಾರ್ಯಕ್ರಮ ಶುರುವಾಗಿ ನಿಧಾನವಾಗಿ ದೇಶವೆಲ್ಲ ಹರಡಿತು. ಕಣ್ಣೆದುರಿಗೇ ಮಾತ್ರೆ ನುಂಗಿಸುವ ಡಾಟ್ಸ್ ಇದೇ. ಹಳೆಯ ಟ್ರೀಟ್‌ಮೆಂಟ್ ಆರ್ಗನೈಸರ್ ಕೆಲಸ ಹೊಸ ಹೆಸರಿನಲ್ಲಿ ಮತ್ತೆ ಜೀವ ಪಡೆಯಿತು. ಹಿರಿಯ ಚಿಕಿತ್ಸಾ ಮೇಲ್ವಿಚಾರಕ, ಎಸ್‌ಟಿಎಸ್. ಬೈಕಿನಲ್ಲಿ ಊರೂರು ಸುತ್ತುವ ಇವರು ಜನರ ಬಾಯಲ್ಲಿ ಟಿಬಿ ಸಾರ್.

ಇಲ್ಲಿಂದ ಮುಂದಿನ ಕಥೆ ಬದಲಾವಣೆಗಳದ್ದು, ಸ್ವಲ್ಪ ಗಮನವಿಟ್ಟು ಕೇಳಿ. ಮೂರು ವಾರ ಕೆಮ್ಮಿದ್ದರೆ ಕಫ ಪರೀಕ್ಷೆ ಎಂದು ನಾವು ಕಲಿತಿದ್ದೆವು. 2009ರಲ್ಲಿ ಅದು ಎರಡು ವಾರವಾಯಿತು, ಮೂರು ಸಲ ಕೊಡಬೇಕಾಗಿದ್ದ ಕಫ ಎರಡು ಸಲಕ್ಕೆ ಇಳಿಯಿತು. 2012ರಲ್ಲಿ ಖಾಸಗಿ ವೈದ್ಯರೂ ಪ್ರತಿ ಕ್ಷಯರೋಗಿಯ ವಿವರ ಸರ್ಕಾರಕ್ಕೆ ತಿಳಿಸಬೇಕೆಂಬ ಆದೇಶ ಬಂತು, ಅದೇ ವರ್ಷ ಕಾರ್ಡಿನ ಜೊತೆಗೆ ನಿಕ್ಷಯ್ ಎಂಬ ಗಣಕ ವ್ಯವಸ್ಥೆ. ವಾರಕ್ಕೆ ಮೂರು ದಿನದ ಮಾತ್ರೆ 2017ರಲ್ಲಿ ದಿನವೂ ನುಂಗುವ ಮಾತ್ರೆಯಾಯಿತು, ರೋಗಿಯ ತೂಕ ನೋಡಿ ಎರಡೋ ಮೂರೋ ನಾಲ್ಕೋ. 2018ರಿಂದ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1,000. ಅದು ಬ್ಯಾಂಕ್ ಖಾತೆಗೇ ಹೋಗಬೇಕು. ಬುಡಕಟ್ಟಿನವರ ಹಾಡಿಯಲ್ಲಿ ಖಾತೆಯೇ ಇಲ್ಲದವರಿಗೆ ಖಾತೆ ಮಾಡಿಸುವುದೂ ನಮ್ಮ ಕೆಲಸವಾಯಿತು. ಜೊತೆಗೆ, ಕಾಯಿಲೆ ಇಲ್ಲದಿದ್ದರೂ ರೋಗಿಯ ಮನೆಮಂದಿಗೆ ಮುಂಜಾಗ್ರತೆಯ ಮಾತ್ರೆ.

ಮಾತ್ರೆಯ ಪಟ್ಟಿಯ ಮೇಲೆ ಅವಧಿ ಮುಗಿಯುವ ತಾರೀಖು ಅಚ್ಚಾಗಿರುತ್ತದೆ. ನಾವು ಕಲಿತದ್ದರ ಮೇಲೆ ಅಂಥ ತಾರೀಖು ಇಲ್ಲ. ಹಳೆಯ ಪಾಠವನ್ನು ನಂಬಿಕೊಂಡು, ಅದು ಹಳತಾಗಿದೆ ಎಂಬ ಅನುಮಾನವೂ ಇಲ್ಲದೆ, ತುಂಬಾ ಪ್ರೀತಿಯಿಂದ ತಪ್ಪು ಹೇಳುವ ಕಾರ್ಯಕರ್ತರನ್ನು ನಾನು ಕಂಡಿದ್ದೇನೆ. ಅವರನ್ನು ದೂರುವುದಿಲ್ಲ. ಆದರೆ ಆ ತಪ್ಪು ಹೊರುವವನು ರೋಗಿ. ಅರ್ಧಕ್ಕೆ ನಿಂತ ಮಾತ್ರೆ ರೋಗಾಣುವಿಗೆ ಔಷಧಿಯನ್ನು ಎದುರಿಸುವ ಶಕ್ತಿ ಕೊಡುತ್ತದೆ. ಆರು ತಿಂಗಳಲ್ಲಿ ಮುಗಿಯಬೇಕಾದದ್ದು ಬೇರೆ ಔಷಧಿ, ಬೇರೆ ಕಷ್ಟ, ಕೆಲವು ಸಲ ವರ್ಷ ಮೀರಿದ ಚಿಕಿತ್ಸೆಯಾಗುತ್ತದೆ.

ಕೊಡಗಿನಲ್ಲಿ ಈ ಕಲಿಕೆ ಇನ್ನೂ ಒಂದು ಹಿಡಿ ಹೆಚ್ಚೇ ಬೇಕು. 2011ರ ಜನಗಣತಿಯಂತೆ ನಮ್ಮದು ಐದೂವರೆ ಲಕ್ಷ ಜನರ ಜಿಲ್ಲೆ. ಆದರೆ ಆ ಜನ ಒತ್ತಟ್ಟಿಗಿಲ್ಲ. ತೋಟದ ಲೈನ್ ಮನೆ, ಕಾಡಂಚಿನ ಜೇನುಕುರುಬರ, ಯರವರ ಹಾಡಿ, ಗದ್ದೆ ದಾಟಿ ಸಿಗುವ ಒಂಟಿ ಮನೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಕಾಫಿ ಕುಯ್ಲು. ಆಗ ಬೇರೆ ಜಿಲ್ಲೆಯಿಂದ, ದೂರದ ಅಸ್ಸಾಮಿನಿಂದಲೂ ಕೆಲಸಗಾರರು ಬರುತ್ತಾರೆ. ಕುಯ್ಲು ಮುಗಿದರೆ ಹೊರಟೇ ಹೋಗುತ್ತಾರೆ. 1951ರ ತೋಟ ಕಾರ್ಮಿಕರ ಕಾಯ್ದೆ ತೋಟದಲ್ಲಿ ವೈದ್ಯಕೀಯ ಸೌಲಭ್ಯ ಇರಬೇಕು ಎಂದಿತ್ತು. ಆದರೆ ಅರ್ಧ ಚಿಕಿತ್ಸೆಯಲ್ಲಿ ಬಸ್ಸು ಹತ್ತಿದವನ ಹಿಂದೆ ಕಾಯ್ದೆ ಹೋಗುವುದಿಲ್ಲ. ಅವನು ಹೊರಡುವ ವಾರ ಮೊದಲೇ "ಯಾವ ಊರಿಗೆ ಹೋಗ್ತೀಯಪ್ಪ, ಅಲ್ಲಿ ಹತ್ತಿರದ ಆಸ್ಪತ್ರೆ ಯಾವುದು" ಎಂದು ಕೇಳಿ, ಅಲ್ಲಿನವರಿಗೆ ಫೋನು ಮಾಡಿ, ನಿಕ್ಷಯ್‌ನಲ್ಲಿ ವರ್ಗಾಯಿಸಿ, ದಾರಿಗೆ ಸಾಕಾಗುವಷ್ಟು ಮಾತ್ರೆ ಕಟ್ಟಿಕೊಡಬೇಕು. ಇದು ತಾನಾಗಿ ಬರುವ ಬುದ್ಧಿಯಲ್ಲ, ಯಾರಾದರೂ ಹೇಳಿಕೊಟ್ಟದ್ದು.

2018ರ ಆಗಸ್ಟ್ ನೆನಪಿಸಿಕೊಳ್ಳಿ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರ ಸೇರಿದರು. ನನಗೆ ಪರಿಚಯವಿದ್ದ ಒಬ್ಬ ಆಶಾ ಕಾರ್ಯಕರ್ತೆ ಆ ಗದ್ದಲದಲ್ಲಿ ಚಾಪೆಯಿಂದ ಚಾಪೆಗೆ ಹೋಗಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ದಿನಾ ನುಂಗುವ ಮಾತ್ರೆ ಮನೆಯಲ್ಲೇ ಉಳಿಯಿತಾ?" ಬಿಪಿ, ಸಕ್ಕರೆ ಕಾಯಿಲೆ, ಫಿಟ್ಸ್, ಟಿಬಿ, ಯಾವುದೇ ಇರಲಿ. ಆಕೆಯ ಸ್ವಂತ ಮನೆಯೂ ಅಪಾಯದಲ್ಲಿತ್ತು.

ಆಶಾ ಯೋಜನೆ ಬಂದದ್ದು 2005ರ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ. ಮೊದಲ ತರಬೇತಿಗೆ ನಿಗದಿಯಾದದ್ದು 23 ದಿನ, ಅದೂ ಕಂತಿನಲ್ಲಿ. ಆಮೇಲೆ ನವಜಾತ ಶಿಶುವಿನ ಆರೈಕೆ ಸೇರಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು 3ನೇ ದಿನದಿಂದ 42ನೇ ದಿನದೊಳಗೆ ಆರು ಸಲ ಮನೆಗೆ ಹೋಗಿ ನೋಡಬೇಕು. ತೂಕ ಹಾಕಬೇಕು, ಮೈಶಾಖ ನೋಡಬೇಕು, ಅಪಾಯದ ಚಿಹ್ನೆ ಗುರುತಿಸಬೇಕು. ಇಷ್ಟೆಲ್ಲ ಹೊರಿಸಿ, ಕಲಿಕೆಯನ್ನು ಮಾತ್ರ ಮೊಬೈಲಿನ ವಿಡಿಯೋ ಸಭೆಗೆ ಬಿಡುವುದು ಅನ್ಯಾಯ. ಮಳೆಗಾಲದಲ್ಲಿ ಕರೆಂಟೇ ಇಲ್ಲದ ಊರುಗಳಲ್ಲಿ ನೆಟ್‌ವರ್ಕ್ ಹುಡುಕುತ್ತಾ ದಿಣ್ಣೆ ಹತ್ತಿ ನಿಂತ ಹೆಣ್ಣುಮಗಳು ಏನು ಕಲಿಯಲು ಸಾಧ್ಯ? ದೊಡ್ಡ ಸಭಾಂಗಣದಲ್ಲಿ ಪರದೆಯ ಮೇಲೆ ಓದಿ ಮುಗಿಸುವ ಪಾಠವನ್ನೂ ನಾನು ತರಬೇತಿ ಎಂದು ಒಪ್ಪುವುದಿಲ್ಲ. ನಮ್ಮದೇ ರೋಗಿಗಳ ಕಾರ್ಡನ್ನು ಮುಂದಿಟ್ಟುಕೊಂಡು, ಇವರು ಏಕೆ ಬಿಟ್ಟರು, ನಾನು ಏನು ಕೇಳಲಿಲ್ಲ ಎಂದು ಕೂತು ನೋಡುವುದೇ ತರಬೇತಿ. ಅದಕ್ಕೆ ಹೋದ ದಿನದ ಕೂಲಿ, ಬಸ್ಸಿನ ದುಡ್ಡು ತಪ್ಪದೆ ಸಿಗಬೇಕು.

ನಿವೃತ್ತನಾದ ಮೇಲೂ ಒಮ್ಮೆ ದಕ್ಷಿಣ ಕೊಡಗಿನ ಒಂದು ಆರೋಗ್ಯ ಕೇಂದ್ರದ ತಿಂಗಳ ಸಭೆಗೆ ಕರೆದಿದ್ದರು. ಇಬ್ಬರು ಆಶಾ ಕಾರ್ಯಕರ್ತೆಯರನ್ನು ಎದುರುಬದುರು ಕೂರಿಸಿದೆ. ಒಬ್ಬರದು ರೋಗಿಯ ಪಾತ್ರ. "ಕೆಮ್ಮು ನಿಂತು ತಿಂಗಳಾಯ್ತು, ಇನ್ಯಾಕೆ ಮಾತ್ರೆ" ಎಂದು ಅವರು ಹಟ ಹಿಡಿದರು. ಹೊಸಬರಾದ ಇನ್ನೊಬ್ಬರು, "ತಗೋಬೇಕು, ಡಾಕ್ಟರು ಹೇಳಿದ್ದಾರೆ" ಎಂದರು. ರೋಗಿ ಮುಖ ತಿರುಗಿಸಿದರು. ಹಿಂದಿನ ಬೆಂಚಿನಲ್ಲಿದ್ದ ಹಾಡಿಯ ಆಶಾ ಎದ್ದು ಯರವ ಮಾತಿನಲ್ಲಿ ಏನೋ ಕೇಳಿದರು. ಕನ್ನಡದಲ್ಲಿ ಹೇಳಿ ಅಂದೆ. "ಮಾತ್ರೆ ತಿಂದ ಮೇಲೆ ನಿನಗೆ ಏನಾಗುತ್ತೆ ಅಂತ ಮೊದಲು ಹೇಳು, ಆಮೇಲೆ ನಾನು ಹೇಳ್ತೀನಿ ಅಂದೆ ಸಾರ್." ರೋಗಿಯ ಪಾತ್ರದಲ್ಲಿದ್ದವರು ಒಂದು ಕ್ಷಣ ಸುಮ್ಮನಾಗಿ, ಹೊಟ್ಟೆ ತೊಳಸುತ್ತೆ, ಕೆಲಸಕ್ಕೆ ಹೋಗೋಕೆ ಆಗಲ್ಲ, ಒಂದು ದಿನದ ಕೂಲಿ ಹೋಗುತ್ತೆ ಎಂದರು.

ಸಭೆ ಮುಗಿದಾಗ ಸಂಜೆ ಐದು. ಬಸ್ಸಿಗೆ ಹೊತ್ತಾಗಿತ್ತು. ಸಣ್ಣಗೆ ಮಳೆ. ಒಂದೇ ಕೊಡೆಯಡಿ ಆ ಹೊಸಬರು ಮತ್ತು ಹಾಡಿಯ ಆಶಾ ಬಸ್ ನಿಲ್ದಾಣದತ್ತ ನಡೆಯುತ್ತಿದ್ದರು. ಹೊಸಬರು ಅದೇ ಪ್ರಶ್ನೆಯನ್ನು ಯರವ ಮಾತಿನಲ್ಲಿ ಕೇಳಲು ಕಲಿಯುತ್ತಿದ್ದರು, ಇನ್ನೊಬ್ಬರು ತಿದ್ದುತ್ತಿದ್ದರು.