ಪಿನ್ ಕೋಡ್ ಎಲ್ಲರದು, ಗಾಲಾ ನಂಬರ್ ಅವರವರದು



ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ವಿಳಾಸ ಹುಡುಕಿ ಬೆವರಿದವರಿಗೆ ಇವತ್ತಿನ ವಿಷಯ ಅರ್ಧ ಗೊತ್ತೇ ಇದೆ. ಪಿನ್ ಕೋಡ್ 400604 ಎಲ್ಲರಿಗೂ ಒಂದೇ. ರೋಡ್ ನಂಬರ್, ಪ್ಲಾಟ್, ಗಾಲಾ (ಸಣ್ಣ ಕಾರ್ಖಾನೆಯ ಮಳಿಗೆ) ಮಾತ್ರ ಅವರವರದು. 1962ರಲ್ಲಿ ಹುಟ್ಟಿದ ಎಂಐಡಿಸಿಯ, ಅಂದರೆ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ, ಮೊದಮೊದಲ ವಸಾಹತುಗಳಲ್ಲಿ ಇದೂ ಒಂದು. ಲೇತ್ ತಿರುಗುತ್ತಿದ್ದ ಕಡೆ ಈಗ ಐಟಿ ಪಾರ್ಕುಗಳು ಎದ್ದಿವೆ; ಹಾಗಾಗಿ ಗಾಲಾದ ಲೆಕ್ಕದಲ್ಲೇ ಪ್ರೋಗ್ರಾಮಿಂಗ್ ಹೇಳಿದರೆ ಯಾರೂ ಬೇಸರಪಡಲಾರರು.

‘ಗಾಲಾ’ ಎಂಬ ಕ್ಲಾಸ್ ಬರೆದೆವು ಅನ್ನಿ. ಕ್ಲಾಸ್ ಅಂದರೆ ನಕ್ಷೆ. ಅದರಂತೆ ಕಟ್ಟಿದ ಒಂದೊಂದು ಗಾಲಾವೂ ಒಂದು ಇನ್‌ಸ್ಟೆನ್ಸ್. ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ 1967ರ ಸಿಮುಲಾ ಭಾಷೆಯಲ್ಲಿ ಕೊಟ್ಟ ಕಲ್ಪನೆ ಇದು. ಪಿನ್ ಕೋಡ್ ಕ್ಲಾಸಿನಲ್ಲಿರಲಿ, ನಂಬರ್ ಗಾಲಾದಲ್ಲಿರಲಿ. ಜಾವಾದಲ್ಲಿ ಮೊದಲನೆಯದನ್ನು ‘ಸ್ಟ್ಯಾಟಿಕ್’ ಅನ್ನುತ್ತಾರೆ. ಸ್ಥಿರ ಎಂದುಕೊಂಡು ಮೋಸಹೋಗಬೇಡಿ, ಅದರ ಬೆಲೆ ಧಾರಾಳವಾಗಿ ಬದಲಾಗುತ್ತದೆ. ಆ ಹೆಸರಿನ ಮೇಲೆ ನನಗೆ ಹಳೆಯ ಮುನಿಸು.

ಪೈಥಾನ್‌ನ ರೀತಿ ನಮ್ಮ ಊರ ಕಡೆಯದು. ಗಾಲಾವನ್ನು ಪಿನ್ ಕೋಡ್ ಕೇಳಿದರೆ ಮೊದಲು ತನ್ನೊಳಗೆ ಹುಡುಕುತ್ತದೆ. ಇಲ್ಲದಿದ್ದರೆ ತುಳುನಾಡಿನ ಹಿರಿಮನೆಯಾದ ಗುತ್ತಿನ ಮನೆಗೆ, ಅಂದರೆ ಕ್ಲಾಸಿಗೆ ಹೋಗಿ ಕೇಳುತ್ತದೆ. ಒಂದು ಗಾಲಾ ತನ್ನ ಬಾಗಿಲಿಗೆ ಬೇರೆ ಪಿನ್ ಕೋಡಿನ ಚೀಟಿ ಅಂಟಿಸಿಕೊಂಡರೆ ಗುತ್ತಿನ ಮನೆಯದ್ದು ಅಳಿಯುವುದಿಲ್ಲ. ಆ ಒಂದು ಗಾಲಾಕ್ಕೆ ಮಾತ್ರ ಅದು ಮರೆಯಾಗುತ್ತದೆ.

ಪೇಚಾಟ ಇರುವುದು ಪಟ್ಟಿಗಳಲ್ಲಿ. ಒಮ್ಮೆ ನಾನೇ ಖಾಲಿ ಮಸ್ಟರ್ (ಹಾಜರಿ ಪಟ್ಟಿ) ಒಂದನ್ನು ಕ್ಲಾಸಿನಲ್ಲಿಟ್ಟೆ. ಒಂದು ಗಾಲಾಕ್ಕೆ ಒಬ್ಬ ಫಿಟ್ಟರ್‌ನನ್ನು ಸೇರಿಸಿದರೆ ಎಲ್ಲ ಗಾಲಾಗಳಲ್ಲೂ ಅವನೇ ಹಾಜರು! ಇಡೀ ರಾತ್ರಿ ತಲೆ ಕೆರೆದುಕೊಂಡೆ. ಪಿನ್ ಕೋಡಿನ ವಿಷಯದಲ್ಲಿ ಹೊಸ ಚೀಟಿ ಅಂಟಿಸಿದ್ದೆವು. ಇಲ್ಲಿ ಹೊಸದೇನನ್ನೂ ಅಂಟಿಸಲಿಲ್ಲ; ‘ಅಪೆಂಡ್’ (ಸೇರಿಸು) ಎಂದದ್ದೇ ಗುತ್ತಿನ ಮನೆಯ ಪುಸ್ತಕ ಬಿಚ್ಚಿ ಅದರಲ್ಲೇ ಗೀಚಿಬಿಟ್ಟಿತು. ಎಲ್ಲರೂ ಓದುವುದು ಅದೇ ಪುಸ್ತಕವನ್ನು. ಗಾಲಾದ ಬೀಗದ ಕೈ ಕೊಡುವಾಗಲೇ, ಅಂದರೆ ‘ಇನಿಟ್’ನೊಳಗೆ, ಪ್ರತಿಯೊಂದಕ್ಕೂ ಹೊಸ ಮಸ್ಟರ್ ಕೊಟ್ಟರೆ ತಂಟೆ ಮುಗಿಯಿತು.

ಹಾಗಾದರೆ ಒಟ್ಟು ಗಾಲಾಗಳ ಎಣಿಕೆ ಎಲ್ಲಿರಬೇಕು? ಕ್ಲಾಸಿನಲ್ಲೇ, ಸೊನ್ನೆಯಿಂದ ಶುರು. ಆದರೆ ‘ಸೆಲ್ಫ್’, ಅಂದರೆ ಆ ಗಾಲಾವನ್ನೇ, ಹಿಡಿದು ಒಂದು ಕೂಡಿಸಿದಿರೋ, ಓದುವುದು ಗುತ್ತಿನ ಮನೆಯಿಂದ, ಬರೆಯುವುದು ತನ್ನ ಬಾಗಿಲಿಗೆ. ನೂರು ಗಾಲಾ ಕಟ್ಟಿ ಕೇಳಿ ನೋಡಿ: ಪ್ರತಿಯೊಂದೂ ‘ಒಂದು’ ಅನ್ನುತ್ತದೆ, ಕ್ಲಾಸ್ ಮಾತ್ರ ಇನ್ನೂ ಸೊನ್ನೆಯಲ್ಲೇ ಕೂತಿರುತ್ತದೆ.