ಊರೇ ಕೊಂಡ ಪಬ್
ಪಬ್ ಅಂದ್ರೆ ನಮಗೆ ವೀಕೆಂಡ್ ಪಾರ್ಟಿ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಅದು ಅರಳಿಕಟ್ಟೆ ಇದ್ದಂಗೆ. ಡಾರ್ಟ್ಸ್ ಟೀಮು, ಕ್ವಿಜ್ ನೈಟು, ಕ್ಲಬ್ಬುಗಳ ಮೀಟಿಂಗು ಎಲ್ಲ ಅಲ್ಲೇ. ಪಬ್ ಮುಚ್ಚಿದ್ರೆ ಜನ ಸೇರೋ ಜಾಗವೇ ಹೋಯ್ತು.

ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಪುಟ್ಟ ಹಳ್ಳಿ. 2003ರಲ್ಲಿ ನೂರಕ್ಕೂ ಹೆಚ್ಚು ಜನ ಷೇರು ಹಾಕಿ, ಸಹಕಾರ ಸಂಘ ಕಟ್ಟಿ, ಅಲ್ಲಿನ 'ಓಲ್ಡ್ ಕ್ರೌನ್' ಪಬ್ಬನ್ನೇ ಕೊಂಡ್ಕೊಂಡ್ರು. ನನ್ನ ಬಿ.ಕಾಂ. ತಲೆಗೆ ಹಿಡಿಸಿದ್ದು ಇದು: ಕಂಪನಿಯಲ್ಲಿ ಷೇರು ಜಾಸ್ತಿ ಇದ್ದಷ್ಟೂ ಓಟು ಜಾಸ್ತಿ. ಸಹಕಾರ ಸಂಘದಲ್ಲಿ, ನಮ್ಮ ಹಾಲಿನ ಡೇರಿ ಥರ, ಒಬ್ಬರಿಗೆ ಒಂದೇ ಓಟು. ದುಡ್ಡಿರೋರು ಒಬ್ಬರೇ ಅದನ್ನ ಮಾರೋಕಾಗಲ್ಲ.

ಆಮೇಲೆ 2011ರ ಲೋಕಲಿಸಂ ಕಾಯ್ದೆ ಬಂತು. ಕೌನ್ಸಿಲ್ ಪಟ್ಟಿಯಲ್ಲಿರೋ ಪಬ್ ಮಾರಾಟಕ್ಕೆ ಬಂದ್ರೆ, ಹಣ ಹೊಂದಿಸೋಕೆ ಊರವರಿಗೆ ಅದು 6 ತಿಂಗಳು ಕೊಡ್ತು. ಕಾನೂನು ಕೊಟ್ಟಿದ್ದು ಟೈಮ್ ಮಾತ್ರ. ದುಡ್ಡು ಊರೇ ಹಾಕ್ಬೇಕು.