ಸಮಸ್ಯೆ ನಮ್ಮದು, ಪೂರಣ ಮಕ್ಕಳದು
(ದೆಹಲಿಯ ಕನ್ನಡ ಜೈನ ಕುಟುಂಬಗಳ ಕಾವ್ಯವಾಚನ ಸಂಜೆಯಲ್ಲಿ ಮಾಡಿದ ಭಾಷಣದ ಲಿಪಿರೂಪ)



ನೋಯ್ಡಾ, ಗುರುಗ್ರಾಮ, ದ್ವಾರಕಾಗಳಿಂದ ಬಂದಿರುವ ತಮ್ಮಲ್ಲಿ ಕೆಲವರು ಆಮಂತ್ರಣದಲ್ಲಿದ್ದ ‘ಪೊಯೆಟ್ರಿ ಸ್ಲ್ಯಾಮ್’ ಎಂಬ ಮಾತನ್ನು ಕಂಡು, ಇದಾವ ಹೊಸ ಅವಾಂತರವೆಂದು ಬಾಗಿಲಲ್ಲೇ ನನ್ನನ್ನು ಕೇಳಿದಿರಿ. ಶಿಕಾಗೊ ನಗರದಲ್ಲಿ ಕಟ್ಟಡ ಕೆಲಸಗಾರನಾಗಿದ್ದ ಮಾರ್ಕ್ ಸ್ಮಿತ್ ಎಂಬ ಕವಿ 1986ರಲ್ಲಿ ಗ್ರೀನ್ ಮಿಲ್ ಎಂಬ ಪಾನಗೃಹದಲ್ಲಿ ಇದನ್ನು ನೆಲೆಗೊಳಿಸಿದನು. ಪಾನಗೃಹವೆಂದೊಡನೆ ಹುಬ್ಬೇರಿಸಬೇಡಿ, ನಮ್ಮಲ್ಲಿ ಚಹಾ ಮಾತ್ರ, ಅದೂ ಸೂರ್ಯಾಸ್ತಕ್ಕೆ ಮುನ್ನ. ಸ್ವಂತ ರಚನೆ, ಸುಮಾರು ಮೂರು ನಿಮಿಷದ ಅವಧಿ, ವಾದ್ಯವಿಲ್ಲ, ವೇಷವಿಲ್ಲ. ಸಭಿಕರಿಂದಲೇ ಆಯ್ದ ಐವರು ಹತ್ತರೊಳಗೆ ಅಂಕ ಕೊಡುತ್ತಾರೆ; ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ. ತೀರ್ಪುಗಾರರು ಪಂಡಿತರಾಗಿರಬೇಕಿಲ್ಲ ಎಂಬುದೇ ಇದರ ಸ್ವಾರಸ್ಯ.

ಆದರೆ ಸಭೆಯಲ್ಲಿ ಕವಿತೆಯ ಪಂದ್ಯ ನಮಗೆ ಹೊಸದೇನೂ ಅಲ್ಲ. ‘ಕಂತಿ ಹಂಪನ ಸಮಸ್ಯೆಗಳು’ ಎಂಬುದನ್ನು ನಿಮ್ಮಲ್ಲಿ ಹಿರಿಯರು ಓದಿರಬಹುದು. ಹೊಯ್ಸಳರ ದೋರಸಮುದ್ರದ ಆಸ್ಥಾನದಲ್ಲಿ ಅಭಿನವಪಂಪನೆನಿಸಿದ ನಾಗಚಂದ್ರನು ಪದ್ಯದ ತುಣುಕೊಂದನ್ನು ಮುಂದಿಡುವುದು, ಕಂತಿಯು ನಿಂತ ನಿಲುವಿನಲ್ಲೇ ಅದನ್ನು ಪೂರೈಸುವುದು. ಕಂತಿಯ ಕಾಲ, ಆಕೆಯ ಐತಿಹಾಸಿಕತೆ ಇವುಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ ಪರಂಪರೆಯು ಕನ್ನಡದ ಮೊದಲ ಕವಯಿತ್ರಿಯ ಸ್ಥಾನದಲ್ಲಿ ಒಬ್ಬ ಜೈನ ಸ್ತ್ರೀಯನ್ನು ಕೂರಿಸಿ, ತುಂಬಿದ ಸಭೆಯಲ್ಲಿ ಆಕೆಯಿಂದ ಮಾತನಾಡಿಸಿತು ಎಂಬುದನ್ನು ಮರೆಯಲಾಗದು.

ಆ ಐತಿಹ್ಯದಲ್ಲಿ ಇನ್ನೊಂದು ಪ್ರಸಂಗವಿದೆ. ನನ್ನನ್ನು ಬಹುವಾಗಿ ಕಾಡಿದ್ದು ಅದೇ. ಕಂತಿ ತನ್ನನ್ನು ಹೊಗಳುವುದೇ ಇಲ್ಲವೆಂದು ಕಂಡ ಮಹಾಕವಿ, ತಾನು ಸತ್ತೆನೆಂದು ಸುದ್ದಿ ಹಬ್ಬಿಸಿದನಂತೆ. ಆಕೆ ಬಂದು ಗುಣಗಳನ್ನು ನೆನೆದು ಶೋಕಿಸಿದಾಗ, ಗೆದ್ದೆನೆಂದು ನಗುತ್ತ ಎದ್ದು ಕುಳಿತನಂತೆ. ರಾಮಚಂದ್ರಚರಿತಪುರಾಣವನ್ನು ಬರೆದವನಿಗೆ ಈ ಹಂಬಲವೇಕೆ? ಸಮಸ್ಯೆಯನ್ನು ಒಡ್ಡುವ ಅಧಿಕಾರ ಅವನದಾಗಿತ್ತು. ಉತ್ತರವೂ ತನಗೆ ಬೇಕಾದಂತೆಯೇ ಬರಬೇಕೆಂಬುದು ಅವನ ಲೋಭ.

ಅವನನ್ನು ಹಳಿಯುವ ಮೊದಲು ನಮ್ಮ ಮಾತನ್ನೂ ಹೇಳಬೇಕು. ಕಳೆದ ವರ್ಷದ ಇಂಥದೇ ಒಂದು ಸಂಜೆಗೆ ಹನ್ನೊಂದನೆಯ ತರಗತಿಯ ಬಾಲಕಿಯೊಬ್ಬಳು ಕವಿತೆ ಕಳುಹಿಸಿದ್ದಳು. ಕನ್ನಡ ಭಾಷೆ, ದೇವನಾಗರಿ ಲಿಪಿ. ಈ ಊರಿನಲ್ಲಿ ಬೆಳೆಯುವ ನಮ್ಮ ಮಕ್ಕಳ ಗತಿ ಇಷ್ಟೇ. ಊರಿನ ಬಸದಿಯಲ್ಲಿ ಕಲಶದ ಸವಾಲು ಕೂಗುವಾಗ, ಪ್ರತಿವರ್ಷವೂ ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಕುಳಿತುಕೊಳ್ಳುವ ಅಜ್ಜಿಯನ್ನು ಕುರಿತ ಕವಿತೆ ಅದು. ದಾನಿಗಳ ಮನಸ್ಸು ನೋಯುವುದೆಂದು ಸಮಿತಿಯವರು ಅಂಜಿದರು. ‘ಅಹಿಂಸೆಯ ಮೇಲೆ ಏನಾದರೂ ಬರೆ ಮಗಳೇ’ ಎಂದು ತಿಳಿಯಹೇಳಿದರು. ಆಕೆ ಬರೆದಳು, ಓದಿದಳು, ಚಪ್ಪಾಳೆಯೂ ಬಿತ್ತು. ಈಗ ಆ ಪದ್ಯದ ಒಂದು ಪದವೂ ಯಾರಿಗೂ ನೆನಪಿಲ್ಲ. ಸಭೆ ಮುಗಿದ ಮೇಲೆ ಆಕೆ ತಂದೆಯನ್ನು ಕೇಳಿದಳಂತೆ: ‘ಅಜ್ಜಿಗೆ ಆದದ್ದು ಹಿಂಸೆ ಅಲ್ಲವೇ ಅಪ್ಪಾ?’

ಸಮಿತಿಯವರೆಂದೆನಲ್ಲ, ಆ ಸಮಿತಿಯಲ್ಲಿ ನಾನೂ ಇದ್ದೆ. ಹಾಗೆ ತಿಳಿಯಹೇಳಿದವನು ನಾನೇ.

ಕನ್ನಡವನ್ನು ಉಳಿಸಿಕೊಳ್ಳಿರೆಂದು ಮಕ್ಕಳಿಗೆ ನಾವು ಬೋಧಿಸುತ್ತೇವೆ. ಮನೆಯಲ್ಲಿ ಊಟ ತಿಂಡಿಗಷ್ಟೇ ಬಳಸುವ ನುಡಿ ಎಷ್ಟು ದಿನ ಬಾಳೀತು? ಸಿಟ್ಟು, ಸಂಶಯ, ನಾಚಿಕೆ ಇವೆಲ್ಲಕ್ಕೂ ಹಿಂದಿಯನ್ನೋ ಇಂಗ್ಲಿಷನ್ನೋ ಹುಡುಕಿಕೊಂಡು ಹೋಗುವ ಮಕ್ಕಳು, ಹೊಗಳಿಕೆಗೆ ಮಾತ್ರ ಕನ್ನಡಕ್ಕೆ ಮರಳಬೇಕೇ?

ಆದ್ದರಿಂದ ಈ ಬಾರಿ ಯಾರ ಹಸ್ತಪ್ರತಿಯನ್ನೂ ಮುಂಚಿತವಾಗಿ ತರಿಸಿಕೊಂಡಿಲ್ಲ. ಅಂಕಪಟ್ಟಿ ಹಿಡಿದಿರುವ ಐವರಲ್ಲಿ ನನ್ನದೊಂದು ಬಿನ್ನಹ: ಉಚ್ಚಾರ ತಪ್ಪಿದರೆ ಒಂದಂಕ ಕಳೆಯಿರಿ, ಅಡ್ಡಿಯಿಲ್ಲ, ಅಭಿಪ್ರಾಯ ಒಪ್ಪಿಗೆಯಾಗಲಿಲ್ಲವೆಂದು ಕಳೆಯಬೇಡಿ. ಮನಸ್ಸಿಗೆ ನೋವಾದವರು ಮಧ್ಯದಲ್ಲಿ ಎದ್ದು ಹೋಗದೆ, ಚಹಾದ ಹೊತ್ತಿನಲ್ಲಿ ಆ ಮಗುವಿನೊಡನೆಯೇ ವಾದಿಸಿರಿ.

ಪಟ್ಟಿಯಲ್ಲಿ ಹದಿನಾಲ್ಕು ಹೆಸರುಗಳಿವೆ. ಕಳೆದ ವರ್ಷದ ಬಾಲಕಿಯದು ಮೂರನೆಯದು. ಯಾವ ಕವಿತೆಯನ್ನು ತಂದಿರುವೆಯೆಂದು ನಾವು ಆಕೆಯನ್ನು ಕೇಳಿಲ್ಲ.